ಅಟ್ಟದ ಕಾಯಿ, ಇಪ್ಪತ್ತರಲ್ಲಿ ಒಂದು ಪಾಲು

ನನ್ನ ಮಾವ ಜೂಜಾಡುತ್ತಿರಲಿಲ್ಲ. ಹಾಗೆಂದು ಅವರೇ ಎಲ್ಲರಿಗೂ ಹೇಳುತ್ತಿದ್ದರು. ಜೂಜು ಎಂದರೆ ದುಡ್ಡು ಕಟ್ಟುವುದು. ಅವರು ಕ್ರಿಕೆಟ್ಟಿಗೆ ಕಟ್ಟುತ್ತಿದ್ದುದು ತೆಂಗಿನಕಾಯಿ. ಹಾರನಹಳ್ಳಿ ಬಸ್ ಸ್ಟಾಂಡಿನ ಹೋಟೆಲಿನಲ್ಲಿ ಬೆಂಚು ಸವೆಸುತ್ತಿದ್ದ ಏಳೆಂಟು ಮಂದಿ ಹಿರಿಯರೂ ಇದೇ ಧರ್ಮದವರು. ಜೇಬಿನಿಂದ ಐದು ರೂಪಾಯಿ ತೆಗೆದು ಇಸ್ಪೀಟಿಗೆ ಹಾಕಿದವನನ್ನು ಹಾಳಾಗಿಹೋದ ಎಂದು ಉಗಿಯುತ್ತಿದ್ದರು, ಅಟ್ಟದಿಂದ ಇನ್ನೂರು ಕಾಯಿ ಇಳಿಸಿ ಒಂದು ಮಧ್ಯಾಹ್ನದಲ್ಲಿ ಕಳೆದು ಬಂದವನಿಗೆ ಕಾಫಿ ಕೊಡಿಸುತ್ತಿದ್ದರು.

ನಾನು ಹಗರೆಯಿಂದ ಆ ಮನೆಗೆ ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದ ನಡುವೆ. ಬಿ.ಕಾಂ. ಮುಗಿಸಿದ್ದೆ, ಅರಸೀಕೆರೆಯ ಒಂದು ಖಾಸಗಿ ಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಕೆಲಸವೂ ಸಿಕ್ಕಿತ್ತು. ಗಂಡ ಬಸ್ ಕಂಡಕ್ಟರ್. ಹಳೇಬೀಡಿನ ಮೇಲೆ ಬೇಲೂರಿಗೆ ಹೋಗಿ ಅಲ್ಲೇ ಹಾಲ್ಟ್ ಮಾಡಿ ದಿನ ಬಿಟ್ಟು ದಿನ ಮನೆಗೆ ಬರುತ್ತಿದ್ದ. ಏನು ಕೇಳಿದರೂ "ಅಪ್ಪನ್ನ ಕೇಳು" ಅನ್ನುತ್ತಿದ್ದ. ದಿನಕ್ಕೆ ನಾನೂರು ಜನರಿಗೆ ಟಿಕೆಟ್ ಹರಿದು ಮುಂದಕ್ಕೆ ತಳ್ಳುವ ಮನುಷ್ಯ, ನನ್ನನ್ನೂ ಹಾಗೇ ಮುಂದಕ್ಕೆ ತಳ್ಳುತ್ತಿದ್ದ. ನನ್ನ ಸಂಬಳ ನನ್ನ ಕೈಯಿಂದ ಅವನ ಕೈಗೆ, ಅವನ ಕೈಯಿಂದ ಮಾವನ ಕೈಗೆ ಹೋಗುತ್ತಿತ್ತು. ದಾರಿಯಲ್ಲಿ ಯಾರೂ ಅದನ್ನು ಹಿಡಿದು ನಿಲ್ಲಿಸಿದ್ದು ನಾನು ನೋಡಲಿಲ್ಲ.

ನಮ್ಮ ಕಡೆ ಕೊಬ್ಬರಿ ಮಾಡುವುದು ಅವಸರದ ಕೆಲಸವಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಪೇರಿಸಿ ಹತ್ತು ಹನ್ನೊಂದು ತಿಂಗಳು ಮರೆತುಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನುವಾಗ ಇಳಿಸಿ, ಸುಲಿದು, ಒಡೆದು ಅರಸೀಕೆರೆ ಮಾರ್ಕೆಟ್ಟಿಗೆ ಹಾಕಬೇಕು. ಅಂದರೆ ವರ್ಷದ ಸಂಪಾದನೆಯೆಲ್ಲ ತಲೆಯ ಮೇಲೆ ತೂಗುತ್ತಿರುತ್ತದೆ. ಅಟ್ಟಕ್ಕೆ ಹಾಸಿದ್ದು ಬಿದಿರಿನ ದಬ್ಬೆ. ಕಾಯಿ ಭರ್ತಿ ಇದ್ದರೆ ಅಡುಗೆಮನೆ ಕತ್ತಲು. ಮಾವ ಸೋತು ಕಾಯಿ ಇಳಿಸಿದಷ್ಟೂ ಹೆಂಚಿನ ಸಂದಿಯ ಬಿಸಿಲು ದಬ್ಬೆಯ ನಡುವಿನಿಂದ ಕೆಳಗೆ ಬೀಳುತ್ತಿತ್ತು. ಎಷ್ಟು ಸೋತಿರಿ ಎಂದು ಅತ್ತೆ ಯಾವತ್ತೂ ಕೇಳುತ್ತಿರಲಿಲ್ಲ, ಒಲೆಯ ಮೇಲಿನ ಬೆಳಕು ನೋಡಿ ತಿಳಿದುಕೊಳ್ಳುತ್ತಿದ್ದರು. ನಾನು ಸೊಸೆಯಾಗಿ ಬಂದ ವರ್ಷ ಆ ಅಡುಗೆಮನೆಯಲ್ಲಿ ಸೂಜಿಗೆ ದಾರ ಪೋಣಿಸಬಹುದಿತ್ತು.

ಪ್ರತಿ ಪಂದ್ಯದ ಬೆಳಿಗ್ಗೆ ಅತ್ತೆ ಒಂದೇ ಮಾತು ಹೇಳುತ್ತಿದ್ದರು. "ಕಟ್ಬ್ಯಾಡಿ." ಮಾವ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದರು. ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲದಂತೆ ಎರಡೂ ನಡೆಯುತ್ತಿದ್ದವು.

ನಾನು ಈ ವ್ಯವಹಾರದೊಳಗೆ ಸಿಕ್ಕಿಕೊಂಡದ್ದು ರೇಡಿಯೋದಿಂದ. ಕಾಮೆಂಟರಿ ಅರ್ಧ ಗಂಟೆ ಹಿಂದಿ, ಅರ್ಧ ಗಂಟೆ ಇಂಗ್ಲಿಷ್. ಮಾವನಿಗೆ ಎರಡೂ ಬಾರದು. ಜನರ ಗದ್ದಲ ಕೇಳಿಯೇ ಅವರು ಆಟ ತಿಳಿಯುತ್ತಿದ್ದರು. ಗದ್ದಲ ಜೋರಾದರೆ ನಮ್ಮವನು ಬೌಂಡರಿ ಹೊಡೆದ ಎಂದು ತೊಡೆ ತಟ್ಟುತ್ತಿದ್ದರು. ಎಷ್ಟೋ ಸಲ ಅದು ನಮ್ಮವನು ಔಟಾದ ಗದ್ದಲ. ಒಂದು ಭಾನುವಾರ ತಡೆಯಲಾಗದೆ "ಮಾವ, ಐದು ವಿಕೆಟ್ ಬಿದ್ದಾಯ್ತು" ಅಂದೆ. ಅವರು ನನ್ನನ್ನು ಮೊದಲ ಸಲ ನೋಡಿದವರಂತೆ ನೋಡಿದರು. ಅಂದಿನಿಂದ ಪಂದ್ಯದ ದಿನ ನನಗೆ ಕೊಟ್ಟಿಗೆ ಗುಡಿಸುವ ಕೆಲಸ ತಪ್ಪಿತು.

ಹತ್ತಿರ ಕೂತು ನೋಡಿದ ಮೇಲೆ ಗೊತ್ತಾಯಿತು, ಮಾವ ಸೋಲುತ್ತಿದ್ದುದು ಆಟ ತಿಳಿಯದೆ ಅಲ್ಲ. ಗೆದ್ದ ಪಂದ್ಯಗಳೇ ಹೆಚ್ಚಿದ್ದವು. ಆದರೆ ಅವರು ಕಾಯಿ ಕಟ್ಟುತ್ತಿದ್ದುದು ಸಿಟ್ಟಿನ ಅಳತೆಯಲ್ಲಿ. ಮನಸ್ಸು ಹಗುರಾಗಿದ್ದ ದಿನ ಮೂವತ್ತು ಕಾಯಿ. ನೆನ್ನೆ ಸೋತಿದ್ದರೆ ಇವತ್ತು ನೂರು, ಇವತ್ತೂ ಸೋತರೆ ನಾಳೆ ಇನ್ನೂರು, ಹೋದದ್ದೆಲ್ಲ ಒಂದೇ ಏಟಿಗೆ ವಾಪಸ್ ಬರಲಿ ಎಂದು. ಎದುರಿಗೆ ಹಿಟ್ಟಿನ ಗಿರಣಿಯ ಯಜಮಾನ ಇದ್ದರಂತೂ ಕೇಳುವುದೇ ಬೇಡ. ಆ ಮನುಷ್ಯ ಜೀವಮಾನದಲ್ಲಿ ನಮ್ಮವರ ಮೇಲೆ ಒಂದು ಕಾಯಿ ಕಟ್ಟಿದವರಲ್ಲ, ಯಾವಾಗಲೂ ಎದುರು ಪಕ್ಷ. "ನಿಮ್ಗೆ ದೇಶ ಬೇಕು, ನಂಗೆ ಕಾಯಿ ಬೇಕು" ಎಂದು ನಗುತ್ತಿದ್ದರು. ಆ ನಗು ಕಂಡರೆ ಮಾವ ಐವತ್ತು ಜಾಸ್ತಿ ಕಟ್ಟುತ್ತಿದ್ದರು. ಗೆದ್ದಾಗ ಮೂವತ್ತು, ಸೋತಾಗ ಇನ್ನೂರು. ಅಡುಗೆಮನೆಗೆ ಬಿಸಿಲು ಬರದೆ ಇನ್ನೇನು ಬಂದೀತು.

ಅದಕ್ಕೆ ಮದ್ದು ನನಗೆ ಬಿ.ಕಾಂ. ಪುಸ್ತಕದಲ್ಲಿ ಸಿಗಲಿಲ್ಲ, ಅತ್ತೆ ರಾಗಿ ತುಂಬಿಡುತ್ತಿದ್ದ ಮಣ್ಣಿನ ವಾಡೆಯ ಮುಂದೆ ಸಿಕ್ಕಿತು. ವಾಡೆ ತುಂಬಿದ್ದಾಗ ಅವರು ಧಾರಾಳವಾಗಿ ಮೊರ ತುಂಬ ತೆಗೆಯುತ್ತಿದ್ದರು. ರಾಗಿ ಇಳಿಯುತ್ತಾ ಬಂದಂತೆ ಮೊರದಲ್ಲಿ ಬೀಳುವುದೂ ಇಳಿಯುತ್ತಿತ್ತು. ಯಾರಿಗೂ ಗೊತ್ತಾಗದಂತೆ ಮುದ್ದೆ ಒಂದೊಂದು ಬೆರಳು ಚಿಕ್ಕದಾಗುತ್ತಿತ್ತು. ಹೊಸ ರಾಗಿ ಬರುವ ಹಿಂದಿನ ದಿನವೂ ತಳದಲ್ಲಿ ಒಂದಿಷ್ಟು ಉಳಿದೇ ಇರುತ್ತಿತ್ತು. ಇರುವುದನ್ನು ನೋಡಿ ತೆಗೆಯುವುದು, ಅಷ್ಟೇ. ಆ ಮನೆಯಲ್ಲಿ ನಲವತ್ತು ವರ್ಷದಿಂದ ಯಾರೂ ಹಸಿದು ಮಲಗಿರಲಿಲ್ಲ, ಅದು ಯಾರ ಲೆಕ್ಕಾಚಾರದಿಂದ ಎಂದು ಯಾರೂ ಕೇಳಿರಲೂ ಇಲ್ಲ.

ಹೊಸ ಕಾಯಿ ಅಟ್ಟಕ್ಕೆ ಏರಿಸಿದಾಗ ಮಾವನ ಮುಂದೆ ಮಾತಿಟ್ಟೆ. ಪಂದ್ಯಕ್ಕೆಂದು ಒಂದು ಸಾವಿರ ಕಾಯಿ ಮೂಲೆಯಲ್ಲಿ ಬೇರೆ ಪೇರಿಸಿ, ಉಳಿದದ್ದನ್ನು ಮುಟ್ಟಬೇಡಿ. ಒಂದೊಂದು ಪಂದ್ಯಕ್ಕೆ ಆ ಮೂಲೆಯಲ್ಲಿ ಆವತ್ತು ಎಷ್ಟಿದೆಯೋ ಅದರ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ಸಿಟ್ಟು ಬಂದರೂ ಅಷ್ಟೇ, ಕನಸು ಬಿದ್ದರೂ ಅಷ್ಟೇ. ಅಟ್ಟ ಇಳಿಸುವ ಹೊತ್ತಿಗೆ ಸಾವಿರದ ಮೇಲೆ ಏನು ಬೆಳೆದಿರುತ್ತದೋ ಅದು ನನ್ನದು.

"ಬೆಳ್ಯಾದಾ?" ಮಾವ ನಕ್ಕರು. "ಮೂವತ್ತು ವರ್ಸದಿಂದ ಆಡ್ತಾ ಇವ್ನಿ ಕಣವ್ವ, ಒಂದ್ ಸತಿನೂ ಬೆಳ್ದಿಲ್ಲ. ತಗೊ, ಬೆಳ್ದದ್ದೆಲ್ಲ ನಿಂದೇಯ."

ಮೊದಲ ಕೆಲಸವೇ ಪೇಚಿಗೆ ಬಂತು. ಸಾವಿರ ಎಣಿಸಿಟ್ಟಿದ್ದೇನೆ ಎಂದರು ಮಾವ. ನೂರಕ್ಕೊಂದು ಗುರುತಿನ ಕಾಯಿ ಪಕ್ಕಕ್ಕಿಟ್ಟು ಎಣಿಸಿದ್ದರು, ಲೆಕ್ಕ ಸರಿ. ಆದರೆ ಹಳೆಯ ಕಾಯಿಗಳೂ ಅದರಲ್ಲಿ ಸೇರಿದ್ದವು, ಕೆಟ್ಟವು ಎಷ್ಟು ಎಂದು ನೋಡಿರಲಿಲ್ಲ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಅಂದೆ. ಅರವತ್ತೆರಡು ವರ್ಷದ ಮನುಷ್ಯ ಎರಡು ದಿನ ಅಟ್ಟದ ಮೇಲೆ ಮಂಡಿಯೂರಿ ಕೂತು ಸಾವಿರ ಕಾಯಿಯ ಗುಟ್ಟು ಕೇಳಿದರು. ಅರವತ್ತೊಂದು ಕಾಯಿ ಒಳಗೇ ಕೊಳೆತಿದ್ದವು. ಒಂದು ಅವರ ಕಿವಿಯ ಪಕ್ಕದಲ್ಲೇ ಸೋರಿತು. ಅವನ್ನೆಲ್ಲ ತಿಪ್ಪೆಗೆ ಹಾಕಿ, ಗಟ್ಟಿ ಕಾಯಿ ತಂದು ಸಾವಿರ ತುಂಬಿಸಿದೆವು. ಇಷ್ಟು ವರ್ಷ ಅವರು ಇಲ್ಲದ ಬಂಡವಾಳದ ಮೇಲೆ ಪಂದ್ಯ ಕಟ್ಟುತ್ತಿದ್ದರು ಎಂದು ಬಾಯಿಬಿಟ್ಟು ಹೇಳಲಿಲ್ಲ, ಆ ವಾಸನೆಯೇ ಹೇಳುತ್ತಿತ್ತು.

ಮೊದಲ ಪಂದ್ಯಕ್ಕೆ ಐವತ್ತು ಕಾಯಿ. ಸೋತರು. ಮೂಲೆಯಲ್ಲಿ ಉಳಿದದ್ದು ಒಂಬೈನೂರ ನಲವತ್ತೊಂಬತ್ತು. ಐವತ್ತು ಹೋದರೆ ಒಂಬೈನೂರೈವತ್ತು ಇರಬೇಕಲ್ಲ, ಒಂದೆಲ್ಲಿ ಎಂದು ಕೇಳಿದೆ. "ಕೊಸರು" ಅಂದರು ಮಾವ, ಇಷ್ಟೂ ಗೊತ್ತಿಲ್ಲವೇ ಎಂಬಂತೆ. ಕಾಯಿ ಕೊಂಡವನಿಗೆ ನೂರಕ್ಕೆ ಎರಡು ಮೇಲೆ ಕೊಡುವುದು ನಮ್ಮ ಕಡೆಯ ಪದ್ಧತಿ. ಆ ಪದ್ಧತಿ ಮರ್ಯಾದೆಯಾಗಿ ಬಂದು ಪಂದ್ಯದೊಳಗೂ ಕೂತಿತ್ತು. ಸೋತವನು ನೂರಕ್ಕೆ ಎರಡು ಕೊಸರು ಕೊಡಬೇಕು, ಗೆದ್ದವನೂ ತನಗೆ ಬಂದದ್ದರಲ್ಲಿ ನೂರಕ್ಕೆ ಎರಡು ಬಿಡಬೇಕು. ಎರಡೂ ಹೋಗುತ್ತಿದ್ದುದು ಕಾಯಿ ಇಟ್ಟುಕೊಳ್ಳುವ ಹೋಟೆಲಿನವನಿಗೆ. ಅವನು ಯಾವ ಪಕ್ಷಕ್ಕೂ ಕಟ್ಟುತ್ತಿರಲಿಲ್ಲ, ಆಟವನ್ನೂ ಕೇಳುತ್ತಿರಲಿಲ್ಲ. ವರ್ಷಕ್ಕೊಮ್ಮೆ ಹೋಟೆಲಿಗೆ ಸುಣ್ಣ ಬಳಿಸುತ್ತಿದ್ದ, ಕೊಬ್ಬರಿ ಚಟ್ನಿಪುಡಿ ಪೊಟ್ಟಣ ಕಟ್ಟಿ ಮಾರುತ್ತಿದ್ದ. ಊರಿನಲ್ಲಿ ಕ್ರಿಕೆಟ್ಟಿನಿಂದ ಉದ್ಧಾರವಾದವನು ಅವನೊಬ್ಬನೇ. ಗೆಲುವು ಸೋಲು ಸಮವಾದರೆ ನಾವು ನಷ್ಟದಲ್ಲೇ ಇರುತ್ತೇವೆ ಎಂದು ಮಾವನಿಗೆ ವಿವರಿಸಿದೆ. ಗಿರಣಿಯವರ ಜೊತೆ ಸಿಟ್ಟಿಗೆ ಕಟ್ಟುವ ಪಂದ್ಯಗಳನ್ನು ಬಿಟ್ಟು, ಗೆಲ್ಲುತ್ತೇವೆಂದು ನಿಜವಾಗಿ ಅನಿಸಿದ್ದಕ್ಕೆ ಮಾತ್ರ ಕಟ್ಟೋಣ ಅಂದೆ.

ಎರಡನೇ ಪಂದ್ಯಕ್ಕೆ ಲೆಕ್ಕದಂತೆ ನಲವತ್ತೇಳು ಕಾಯಿ.

"ನಲವತ್ತೇಳಾ?" ಮಾವನ ಮುಖ ಇಳಿಯಿತು. "ಐವತ್ತಾದ್ರೂ ಮಾಡವ್ವ. ಯಾರಾನಾ ನಲವತ್ತೇಳ್ ಕಾಯಿ ಕಟ್ತಾರಾ? ನಗ್ತಾರೆ."

"ನಗ್ಲಿ ಬಿಡಿ ಮಾವ."

ನಕ್ಕರು. ಮಾವನಿಗೆ ಹೋಟೆಲಿನಲ್ಲಿ ನಲವತ್ತೇಳು ಎಂದೇ ಹೆಸರು ಬಿತ್ತು. "ಏನ್ಲಾ ನಲವತ್ತೇಳು, ಸೊಸೆ ಎಷ್ಟ್ ಕೊಟ್ಳು ಇವತ್ತು?" ಎಂದು ಗಿರಣಿಯವರು ಬೀದಿಗೆ ಕೇಳುವಂತೆ ಕೂಗುತ್ತಿದ್ದರು. ಮಾವ ಹಲ್ಲು ಕಚ್ಚಿಕೊಂಡು ಚೀಲ ಕೆಳಗಿಡುತ್ತಿದ್ದರು. ಸ್ಟೇಷನ್ನಿಗೆ ಹೋಗಿ ರೈಲು ಅಧಿಕಾರಿಯನ್ನೇ ಬೈದು ಬಂದವರು, ಊರ ಪಂಚಾಯ್ತಿಯಲ್ಲಿ ಕುರ್ಚಿ ಒದ್ದು ಎದ್ದವರು, ಅವರು ಆ ವರ್ಷ ಹಾಗೆ ಹಲ್ಲು ಕಚ್ಚಿದ್ದನ್ನು ನೆನೆದರೆ ಈಗ ಪಾಪ ಅನಿಸುತ್ತದೆ. ಆಗ ನನಗೆ ಮಜಾ ಅನಿಸಿತ್ತು. ಸುಳ್ಳು ಯಾಕೆ ಹೇಳಲಿ.

ಮೂಲೆ ಬೆಳೆಯತೊಡಗಿತು. ಒಂದು ವಾರಕ್ಕೆ ನಲವತ್ತು ಹೆಚ್ಚಿದರೆ ಮುಂದಿನ ವಾರ ಮೂವತ್ತು ಕಡಿಮೆ. ಇದರಲ್ಲಿ ರೋಮಾಂಚನ ಏನೂ ಇರಲಿಲ್ಲ, ಮಾವನಿಗೆ ಆಕಳಿಕೆ ಬರುತ್ತಿತ್ತು. ಸತತ ನಾಲ್ಕು ಸೋತ ತಿಂಗಳಲ್ಲೂ ಬಿಸಿಲು ಕೆಳಗೆ ಬೀಳಲಿಲ್ಲ. ಎಂಟು ತಿಂಗಳಲ್ಲಿ ಸಾವಿರ ಹೋಗಿ ಸಾವಿರದ ಮುನ್ನೂರ ಅರವತ್ತು ಆಯಿತು. ಅಡುಗೆಮನೆ ಕತ್ತಲಾಗುತ್ತಾ ಬಂತು. ಅತ್ತೆ ಒಂದು ದಿನ ಹಗಲಲ್ಲೇ ಬುಡ್ಡಿ ಹಚ್ಚಿದರು.

ಅದೇ ಸಮಯಕ್ಕೆ ನನ್ನ ಕೆಲಸಕ್ಕೆ ಕಂಟಕ ಬಂತು. ಸ್ಕೂಲಿನವರು ಮುಂದಿನ ತಿಂಗಳಿಂದ ಅರ್ಧ ಗಂಟೆ ಮುಂಚೆ ಗಂಟೆ ಹೊಡೆಯುತ್ತೇವೆ ಅಂದರು. ಆ ಹೊತ್ತಿಗೆ ಅರಸೀಕೆರೆ ಮುಟ್ಟುವ ಬಸ್ಸಿಲ್ಲ. ಟೆಂಪೋ ಇತ್ತು, ಆದರೆ ಮಾವ ಟೆಂಪೋ ಎಂದರೆ ಹೌಹಾರುತ್ತಿದ್ದರು. "ನಮ್ ಮನೆ ಸೊಸೆ ಟೆಂಪೋದಾಗೆ ಗಂಡಸ್ರ ಮಧ್ಯೆ ನುಗ್ಗಿ ನೇತಾಡ್ಕಂಡ್ ಹೋಗಾದು ಬ್ಯಾಡ. ಬಸ್ಸಿಲ್ದಿದ್ರೆ ಕೆಲ್ಸ ಬಿಡು." ಗಂಡನನ್ನು ಕೇಳಿದೆ. ಅವನ ಉತ್ತರ ನಿಮಗೆ ಗೊತ್ತಿದೆ.

ಊರಿನ ಆಸ್ಪತ್ರೆಯ ನರ್ಸಮ್ಮನ ಹತ್ತಿರ ಒಂದು ಮೊಪೆಡ್ ಇತ್ತು. ಅವರಿಗೆ ಬಿಕ್ಕೋಡಿಗೆ ವರ್ಗವಾಗಿತ್ತು. ಕಾಫಿ ತೋಟದ ಏರು ರಸ್ತೆಗೆ ಅದು ಆಗಿಬರುವುದಿಲ್ಲ, ಅಲ್ಲಿ ಜೀಪೇ ಗತಿ ಎಂದು ಮಾರಲು ಹೊರಟಿದ್ದರು. ಭಾನುವಾರ ಹೊರಡುವವರು. ಅವರು ಹೇಳಿದ ಬೆಲೆಯನ್ನು ನಾನು ಮನಸ್ಸಿನಲ್ಲೇ ಕಾಯಿಗೆ ಪರಿವರ್ತಿಸಿದೆ, ಅಷ್ಟು ಹೊತ್ತಿಗೆ ನನ್ನ ತಲೆಯೂ ಕೆಟ್ಟಿತ್ತು. ಹೆಚ್ಚೂಕಡಿಮೆ ಸಾವಿರದ ಆರುನೂರು ಕಾಯಿ. ನನ್ನ ಪಾಲಿಗೆ ಬೆಳೆದದ್ದು ಮುನ್ನೂರ ಅರವತ್ತು. ಉಳಿದದ್ದಕ್ಕೆ ಮಾವನನ್ನು ಕೇಳಿದೆ, ನನ್ನದೇ ಸಂಬಳ ಎಂದೂ ನೆನಪಿಸಿದೆ. "ಗಂಡ ಸೈಕಲ್ ತುಳೀತಾನೆ, ಹೆಂಡ್ತಿಗೆ ಮೋಟ್ರು ಗಾಡಿಯಾ?" ಅಂದರು. "ನಿನ್ ಪಾಲಿನ್ ಕಾಯಲ್ಲಿ ತಗೊಳಂಗಿದ್ರೆ ತಗೊ. ನಾನ್ ಬ್ಯಾಡ ಅನ್ನಲ್ಲ."

ಶನಿವಾರ ಒಂದು ಒನ್‌ಡೇ ಇತ್ತು. ಎದುರಿನವರ ಇಬ್ಬರು ಬೌಲರುಗಳಿಗೆ ಪೆಟ್ಟಾಗಿದೆ ಎಂದು ಹಿಂದಿನ ಪಂದ್ಯದ ಇಂಗ್ಲಿಷ್ ಕಾಮೆಂಟರಿಯಲ್ಲಿ ಕೇಳಿದ್ದೆ. ಊರಿನಲ್ಲಿ ಅದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಗಿರಣಿಯವರು ಎಂದಿನಂತೆ ಎದುರು ಪಕ್ಷ, ಎಷ್ಟಾದರೂ ತನ್ನಿ ಎಂದು ಎದೆ ತಟ್ಟುತ್ತಿದ್ದರು. ಸಾವಿರದ ಮುನ್ನೂರ ಅರವತ್ತನ್ನೂ ಕಟ್ಟಿದರೆ, ಕೊಸರು ಕಳೆದು, ಮನೆಯ ಸಾವಿರ ಮನೆಗೆ ಬಿಟ್ಟು, ನನಗೆ ಸಾವಿರದ ಆರುನೂರ ಚಿಲ್ಲರೆ. ಮೊಪೆಡ್ಡಿಗೆ ಸರಿಯಾಗಿ, ಪೆಟ್ರೋಲಿಗೂ ಸ್ವಲ್ಪ. ಸೋತರೆ ಮೂಲೆ ಖಾಲಿ. ಎಂಟು ತಿಂಗಳು ಆ ಮನುಷ್ಯನಿಗೆ ನಾನು ಏನು ಬೋಧಿಸಿದ್ದೆನೋ ಅದನ್ನೆಲ್ಲ ನಾನೇ ಒಂದು ಬೆಳಿಗ್ಗೆ ಒಲೆಗೆ ಹಾಕಿದೆ.

"ಮಾವ, ಇವತ್ತು ಎಲ್ಲಾ ಕಟ್ಟಿ."

"ಎಲ್ಲಾನಾ?"

"ಎಲ್ಲಾ. ಸಾವಿರದ ಮುನ್ನೂರ ಅರವತ್ತು."

"ಇಪ್ಪತ್ರಾಗೆ ಒಂದು ಅಂದಿದ್ದೆ?"

"ಅದು ಬೇರೆ ದಿನಕ್ಕೆ ಮಾವ. ಇವತ್ತು ನನಗೆ ಗಾಡಿ ಬೇಕು."

ಒಳಗಿನಿಂದ ಅತ್ತೆ ಎಂದಿನಂತೆ "ಕಟ್ಬ್ಯಾಡಿ" ಅಂದರು. ಮಾವ ಎಂದಿನಂತೆ ಚಪ್ಪಲಿ ಮೆಟ್ಟಿದರು. ಅಷ್ಟು ಕಾಯಿಯನ್ನು ಪಂದ್ಯ ಮುಗಿಯುವ ತನಕ ಹೊತ್ತು ಸಾಗಿಸುವುದು ಬೇಡ, ಬಾಯಿಮಾತು ಸಾಕು ಎಂದು ನಾನೇ ಹೇಳಿ ಕಳಿಸಿದೆ. ಅವರ ಮಾತಿಗೆ ಹೋಟೆಲಿನಲ್ಲಿ ಬೆಲೆ ಇತ್ತು.

ಮಾವ ಹೋಟೆಲಿನಲ್ಲೇ ಉಳಿದರು, ಆ ದಿನ ರೇಡಿಯೋ ಮುಂದೆ ನಾನೊಬ್ಬಳೇ. ಎರಡು ಸಲ ಸಾರಿಗೆ ಉಪ್ಪು ಹಾಕಿದೆ. ನಮ್ಮವರು ಮೊದಲು ಒದ್ದಾಡಿದರು, ಆಮೇಲೆ ಸುಧಾರಿಸಿಕೊಂಡರು, ಸಂಜೆ ಐದರ ಹೊತ್ತಿಗೆ ಗೆದ್ದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸೀರೆಯಲ್ಲಿ ಮೊಪೆಡ್ ಹತ್ತುವುದು ಹೇಗೆ ಎಂದು ಒರಳಿನ ಮೇಲೆ ಕೂತು ಒಂದು ಸಲ ಅಭ್ಯಾಸವನ್ನೂ ಮಾಡಿದೆ. ಗಿರಣಿಯವರ ಟ್ರಾಕ್ಟರ್ ಕಾಯಿ ತುಂಬಿಕೊಂಡು ಬರುತ್ತದೆ, ಅಂಗಳ ಖಾಲಿ ಮಾಡಬೇಕು ಎಂದು ದನ ಅತ್ತ ಕಟ್ಟಿ ಬಂದು ಬಾಗಿಲಲ್ಲಿ ನಿಂತೆ.

ಟ್ರಾಕ್ಟರ್ ಬರಲಿಲ್ಲ. ಮಾವ ಬಂದರು, ಹೆಗಲ ಮೇಲೆ ಒಂದು ಗೋಣಿಚೀಲ. ಹಿಂದೆ ಹೋಟೆಲಿನ ಆಳು ಇನ್ನೊಂದು ಚೀಲ ಹೊತ್ತಿದ್ದ.

"ಅರವತ್ತೇಳು ಐತೆ, ಎಣಿಸ್ಕೊ" ಅಂದರು. "ಅರವತ್ತೆಂಟು ಕಟ್ಟಿದ್ದೆ, ಒಂದು ಕೊಸರು ಹೋಯ್ತು."

ಸಾವಿರದ ಮುನ್ನೂರ ಅರವತ್ತರಲ್ಲಿ ಇಪ್ಪತ್ತನೇ ಒಂದು ಪಾಲು ಅರವತ್ತೆಂಟು. ಭಾಗಾಕಾರ ತಪ್ಪಿರಲಿಲ್ಲ, ಕಲಿಸಿದವಳು ನಾನೇ.

"ನಾನು ಎಲ್ಲಾ ಕಟ್ಟಿ ಅಂದಿದ್ದೆ ಮಾವ."

"ಅಂದಿದ್ದೆ." ಅವರು ಚೀಲ ಇಳಿಸಿ ಬೆವರು ಒರೆಸಿಕೊಂಡರು. "ಎಂಟ್ ತಿಂಗ್ಳು ಒಂದ್ ಮಾತ್ ಹೇಳ್ದೆ, ಇವತ್ತು ಬೆಳಿಗ್ಗೆ ಒಂದ್ ಮಾತ್ ಹೇಳ್ದೆ. ಸಿಟ್ಟು ಬಂದ್ರೂ ಅಷ್ಟೇಯ, ಕನ್ಸು ಬಿದ್ರೂ ಅಷ್ಟೇಯ ಅಂತ ಹೇಳಿದ್ದು ನೀನೇ ಅಲ್ವಾ? ಗಿರಣಿಯವ್ನು ಎಲ್ಲಾ ಕಟ್ಲಾ ಅಂತ ಕೆಣಕ್ತಾನೇ ಇದ್ದ. ನಂಗೂ ಆಸೆ ಬಂತು. ಆದ್ರೆ ಅಷ್ಟೇ ಕಟ್ದೆ ಕಣವ್ವ."

ಅವರ ಮುಖದಲ್ಲಿ ಹೆಮ್ಮೆ ಇತ್ತು. ಸ್ಲೇಟು ತೋರಿಸುವ ಮಕ್ಕಳ ಮುಖದಲ್ಲಿ ನಾನು ದಿನಾ ನೋಡುವ ಹೆಮ್ಮೆ. ಬೈದರೆ ಯಾರನ್ನು ಬೈಯಬೇಕು ಎಂದು ತಿಳಿಯಲಿಲ್ಲ. ಒಳಗೆ ಹೋಗಿ ಒಲೆ ಮುಂದೆ ಕೂತು ಜೋರಾಗಿ ಅತ್ತುಬಿಟ್ಟೆ. ಮರುದಿನ ಮೊಪೆಡ್ಡನ್ನು ಹಾಲಿನ ಡೈರಿಯ ಒಬ್ಬರು ಕೊಂಡುಹೋದರು, ಎರಡೂ ಕಡೆ ಕ್ಯಾನು ಕಟ್ಟಿಕೊಂಡು ಅದು ನಮ್ಮ ಮನೆ ಮುಂದೆಯೇ ಎಷ್ಟೋ ವರ್ಷ ಓಡಾಡಿತು. ಆ ಸದ್ದು ಈಗಲೂ ನನಗೆ ಆಗುವುದಿಲ್ಲ.

ಅತ್ತೆ ಮುದ್ದೆ ತಿರುವುತ್ತಿದ್ದರು. ಸಮಾಧಾನ ಹೇಳಲಿಲ್ಲ. ಪಾತ್ರೆಯಿಂದ ಕಣ್ಣೆತ್ತದೆ ಹೇಳಿದರು. "ನಲವತ್ತ್ ವರ್ಸದಾಗೆ ನಿಮ್ ಮಾವ ನಾನ್ ಹೇಳಿದ್ ಒಂದ್ ಮಾತೂ ನಡ್ಸಿಲ್ಲ. ನಿಂದು ನಡ್ಸವ್ರೆ. ಅದ್ಕೂ ಅಳ್ತೀಯಲ್ಲೇ."

ನನ್ನ ಅಳು ಅಲ್ಲಿಗೇ ನಿಂತಿತು. ಅವರ ದನಿಯಲ್ಲಿ ಹೊಟ್ಟೆಕಿಚ್ಚಿತ್ತು, ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಅವರು ಮಾಡಲಿಲ್ಲ. ನನಗೆ ನಾಚಿಕೆಯಾಯಿತು.

ಹೊಸ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಬ್ಯಾಗು ಹಾಕಿಕೊಂಡು "ಟೆಂಪೋದಲ್ಲಿ ಹೋಗಿ ಬರ್ತೀನಿ ಮಾವ" ಅಂದೆ. ಕೇಳಲಿಲ್ಲ, ಹೇಳಿದೆ. ಅವರು ಬಾಯಿ ತೆರೆದರು, ನನ್ನನ್ನು ನೋಡಿದರು, ಬಾಯಿ ಮುಚ್ಚಿದರು. ಆ ಟೆಂಪೋದಲ್ಲಿ ಎರಡು ಮೇಕೆ ಮತ್ತು ಒಂದು ಬೀರುವಿನ ಜೊತೆ ನಿಂತು ನಾನು ಅರಸೀಕೆರೆ ಮುಟ್ಟಿದೆ, ಗಂಟೆ ಹೊಡೆಯುವ ಮುಂಚೆ.

ಮುಂದಿನ ಪಂದ್ಯ ಒಂದು ಭಾನುವಾರ. ಮಾವ ಅಡುಗೆಮನೆ ಬಾಗಿಲಿಗೆ ಬಂದು "ಇವತ್ತೆಷ್ಟವ್ವ?" ಎಂದು ಕೇಳಿದರು.

"ನನ್ನ ಕೇಳಬೇಡಿ ಮಾವ. ಆ ಲೆಕ್ಕ ನಾನು ಕಲಿತದ್ದು ಅತ್ತೆ ರಾಗಿ ತೆಗೆಯುವುದು ನೋಡಿ. ಅವರನ್ನೇ ಕೇಳಿ."

ಮಾವ ನನ್ನನ್ನೊಮ್ಮೆ, ರಾಗಿ ವಾಡೆಯನ್ನೊಮ್ಮೆ ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು. ಗಂಟಲು ಸರಿಮಾಡಿಕೊಂಡು "ಎಷ್ಟು ಕಟ್ಲಿ?" ಅಂದರು.

ಅತ್ತೆ ಉತ್ತರಿಸಲು ಅವಸರ ಮಾಡಲಿಲ್ಲ. ಮುದ್ದೆ ಕೋಲು ಪಕ್ಕಕ್ಕಿಟ್ಟರು, ಕೈ ತೊಳೆದರು, ಸೆರಗಿಗೆ ಒರೆಸಿಕೊಂಡರು. ತಲೆಯೆತ್ತಿ ಅಟ್ಟವನ್ನು ನೋಡಿದರು. ಮಾವ ಒಂದು ಕಾಲಿನ ಚಪ್ಪಲಿ ಮೆಟ್ಟಿಕೊಂಡು, ಇನ್ನೊಂದು ಮೆಟ್ಟದೆ ಕಾಯುತ್ತಿದ್ದರು.

"ಹತ್ತು" ಅಂದರು ಅತ್ತೆ.

"ಹತ್ತೇನಾ?"

"ಹತ್ತು."

ಮಾವ ಏಣಿ ಹತ್ತಿ ಹತ್ತು ಕಾಯಿ ಇಳಿಸಿದರು, ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ಚೀಲಕ್ಕೆ ಹಾಕಿಕೊಂಡು ಹೊರಟರು. ಅವರು ಬಸ್ ಸ್ಟಾಂಡಿನ ತಿರುವಿನಲ್ಲಿ ಮರೆಯಾಗುವ ತನಕ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಒಲೆಯ ಮೇಲೆ ಮುದ್ದೆ ತಳ ಹಿಡಿಯಿತು, ಆ ಮನೆಯಲ್ಲಿ ಅದೇ ಮೊದಲ ಸಲ.